ಗಾಡಿ ನಿಂತರೂ ಇಂಜಿನ್ ಓಡುತ್ತಿರಬೇಕು

ಆ ದಿನ ಬೆಳಿಗ್ಗೆ ಊರಿನ ಅರ್ಧ ಜನ ಉಪ್ಪಿಲ್ಲದ ಬ್ರೆಡ್ ತಿಂದರು. ತಿಂದವರು ಮೊದಲು ತಮ್ಮ ನಾಲಿಗೆಯನ್ನೇ ಅನುಮಾನಿಸಿದರು, ಆಮೇಲೆ ಮನೆಯವರನ್ನು, ಕೊನೆಗೆ ಬೇಕರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡ ಮಾಲೀಕ ಅಷ್ಟನ್ನೂ ಒಂದಕ್ಕೆರಡು ಮಾಡಿ, ರಾತ್ರಿ ಪಾಳಿಯಲ್ಲಿ ಹಿಟ್ಟು ಕಲಸುವವನ ತಲೆಯ ಮೇಲೆ ಸುರಿದ. ಆ ಪುಣ್ಯಾತ್ಮ ಯಂತ್ರಕ್ಕೆ ಹಿಟ್ಟು ಸುರಿದು, ನೀರು ಹೊಯ್ದು, ಯೀಸ್ಟ್ ಹಾಕಿ, ಉಪ್ಪಿನ ಡಬ್ಬಿಯ ಮುಚ್ಚಳವನ್ನೂ ತೆಗೆದಿದ್ದ. ಆಮೇಲೆ ಹಾಗೇ ಮುಚ್ಚಿಟ್ಟಿದ್ದ. ನಿಂತಲ್ಲೇ ಕಣ್ಣು ಹತ್ತಿತ್ತು.

"ಇನ್ನೊಂದು ಸಲ ಹೀಗಾದ್ರೆ ಬರೋದೇ ಬೇಡ ಅಂದ್ರು," ಎಂದು ಬಾಗಿಲಲ್ಲೇ ಹೆಂಡತಿಗೆ ಹೇಳಿದವನು ಚಪ್ಪಲಿಯನ್ನೂ ಬಿಡದೆ ಹೋಗಿ ಹಾಸಿಗೆಯ ಮೇಲೆ ಬಿದ್ದುಕೊಂಡ.

ಹೆಂಡತಿ ಚಪ್ಪಲಿ ಕಳಚಿಟ್ಟು, ಪರದೆ ಎಳೆದು, ಬಾಗಿಲು ಮುಂದೆ ಮಾಡಿದಳು. ಅವಳದು ರಸ್ತೆ ಕೆಲಸ. ಹೊಸದಾಗಿ ಡಾಂಬರು ಬಿದ್ದ ರಸ್ತೆಗೆ ಬಿಳಿ ಗೆರೆ, ಹಳದಿ ಗೆರೆ ಎಳೆಯುವ ಗುಂಪಿನವಳು. ಕಟ್ಟಡದವರೆಲ್ಲ ಅವಳನ್ನು ಗೆರೆಯವಳು ಅಂತಲೇ ಕರೆಯುತ್ತಿದ್ದರು, ಅವಳಿಗೂ ಅದರಲ್ಲಿ ಬೇಜಾರಿರಲಿಲ್ಲ. ಮುಂದಿನ ರಸ್ತೆಗೆ ಡಾಂಬರು ಬೀಳುವವರೆಗೆ ಕೆಲಸವಿಲ್ಲ, ಹಾಗಾಗಿ ಮನೆಯಲ್ಲಿದ್ದಳು. ಶಾಲೆಗೆ ರಜೆ, ಹಾಗಾಗಿ ಗಂಡುಮಕ್ಕಳಿಬ್ಬರೂ ಮನೆಯಲ್ಲಿದ್ದರು. ಪಕ್ಕದ ಸೈಟಿನಲ್ಲಿ ವರ್ಷವಿಡೀ ಗುಡುಗುತ್ತಿದ್ದ ಕಾಂಕ್ರೀಟ್ ಯಂತ್ರ ರಜೆ ಶುರುವಾದ ವಾರವೇ ಕೆಲಸ ಮುಗಿಸಿ ಹೋಗಿ, ಬೀದಿ ತಣ್ಣಗಾಗಿತ್ತು. ಇನ್ನಾದರೂ ಈ ಮನುಷ್ಯ ಹಗಲು ನೆಮ್ಮದಿಯಾಗಿ ಮಲಗುತ್ತಾನೆ ಎಂದುಕೊಂಡರೆ, ಆವತ್ತಿನಿಂದಲೇ ಅವನ ನಿದ್ದೆ ಹಾರಿಹೋಗಿತ್ತು. ಯಾರ ತಪ್ಪು ಎಂದು ಯಾರೂ ಯೋಚಿಸಲಿಲ್ಲ. ಯೋಚಿಸುವುದೇನಿದೆ, ತಪ್ಪಿತಸ್ಥರು ಕಣ್ಣೆದುರೇ ಸೋಫಾದ ಮೇಲೆ ಲಾಗ ಹಾಕುತ್ತಿದ್ದರು.

ದೊಡ್ಡವನಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇತ್ತು, ಆದರೆ ಅದನ್ನು ಪೂರ್ತಿ ಕೂಗುವಷ್ಟರಲ್ಲಿ ಅವನು ಮೂರು ಅಂತಸ್ತು ಇಳಿದಿರುತ್ತಿದ್ದ. ಆದ್ದರಿಂದ ಬಿರುಗಾಳಿ. ಚಿಕ್ಕವನಿಗೆ ಆರು. ಅಣ್ಣ ಹಾರಿದಲ್ಲಿ ಹಾರುವುದು, ಅಣ್ಣ ಬಿದ್ದಲ್ಲೇ ಬೀಳುವುದು ಅವನ ಕಸುಬು. ಆದ್ದರಿಂದ ಬಾಲ. ಇಬ್ಬರಲ್ಲೂ ಕೆಟ್ಟತನ ಅಂತ ಎಳ್ಳಷ್ಟೂ ಇರಲಿಲ್ಲ. ಮೈಯಲ್ಲಿ ಕಸುವಿತ್ತು, ಅದು ಹೊರಗೆ ಬರಬೇಕಿತ್ತು, ಬರುವುದಕ್ಕೆ ಇದ್ದದ್ದು ಎರಡು ಕೋಣೆಯ ಮನೆ. ಅದರಲ್ಲಿ ಒಂದು ಕೋಣೆ ಅಪ್ಪನ ನಿದ್ದೆಗೆ ಮೀಸಲು.

ಉಪ್ಪಿನ ಸುದ್ದಿ ಸಂಜೆಯೊಳಗೆ ಗಂಡನ ಅಕ್ಕನಿಗೆ ಮುಟ್ಟಿತು. ಅವರು ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ವಾರ್ಡಿನ ಬಾಗಿಲಲ್ಲಿ ನಿಂತು ಒಂದು ಸಲ "ಸದ್ದು" ಎಂದರೆ ನರಳುವವರೂ ನರಳುವುದನ್ನು ಮುಂದಕ್ಕೆ ಹಾಕುತ್ತಾರೆ ಎಂದು ಪ್ರತೀತಿ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವರು ಅವರೇ, ಹಾಗಾಗಿ ಈ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಡ್ಯೂಟಿ ಮುಗಿಸಿ ನೇರ ಬಂದವರು ಕೂರಲೂ ಇಲ್ಲ.

"ಇಬ್ಬರೂ ಜೊತೇಲಿದ್ರೆ ತಾನೇ ಈ ಕುಣಿತ? ದೊಡ್ಡೋನನ್ನ ನನ್ನ ಹತ್ರ ಬಿಟ್ಬಿಡಿ. ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಹೇಗೆ ಕೂತ್ಕೋಬೇಕು ಅಂತ ಕಲೀತಾನೆ."

"ಅವನಿಗೆ ಕೂತ್ಕೊಳ್ಳೋಕೆ ಬರುತ್ತೆ ಅತ್ತಿಗೆ. ಇಷ್ಟ ಇಲ್ಲ, ಅಷ್ಟೆ," ಎಂದಳು ಗೆರೆಯವಳು.

"ನೋಡು, ಈ ಮಾತಿನಿಂದಾನೇ ಅವು ಹೀಗಾಗಿರೋದು. ನನ್ನ ತಮ್ಮನ ಕೆಲಸ ಹೋದ್ರೆ ಆಮೇಲೆ ಏನು ಮಾಡ್ತೀಯ?"

"ಅಕ್ಕ ಹೇಳೋದರಲ್ಲೂ ಸ್ವಲ್ಪ..." ಎಂದು ಗಂಡ ಆಕಳಿಸುತ್ತ ಬಾಯಿ ಹಾಕಿದ.

"ನೀವು ನಿದ್ದೆಗಣ್ಣಲ್ಲಿ ಏನೂ ಹೇಳ್ಬೇಡಿ."

ಅತ್ತಿಗೆ ಕೈಚೀಲ ಹೆಗಲಿಗೇರಿಸಿದರು. ಒರಟು ಮಾತಿನವರು, ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. "ಭಾನುವಾರ ಬರ್ತೀನಿ. ನೆಟ್ಟಗೆ ನಿದ್ದೆ ಆಗ್ತಿದೆ ಅಂತ ಇವನ ಬಾಯಿಂದ ಬಂದ್ರೆ ಬಂದ ದಾರೀಲೇ ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ಹುಡುಗನ ಬಟ್ಟೆ ಜೋಡಿಸಿಡು."

"ಜೋಡಿಸಲ್ಲ," ಎಂದಳು ಗೆರೆಯವಳು. ಅತ್ತಿಗೆ ಅದನ್ನು ಕಿವಿಗೆ ಹಾಕಿಕೊಳ್ಳದೆ ಮೆಟ್ಟಿಲಿಳಿದರು.

ಮಾತೇನೋ ಆಡಿಬಿಟ್ಟಳು. ಮರುದಿನ ಬೆಳಿಗ್ಗೆ ಗಂಡ ಬಂದು ಮಲಗಿದ ಮೇಲೆ, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಾಗ ಅವಳಿಗೆ ತಲೆ ಚಿಟ್ಟು ಹಿಡಿಯಿತು. ಬಿರುಗಾಳಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದ, ಬಾಲ ಇನ್ನೊಂದು ಕಾಲಿನಲ್ಲಿ. ಅವಳು ಕೆಲಸದ ಪೆಟ್ಟಿಗೆ ತೆರೆದು ಅಂಟುಪಟ್ಟಿಯ ಸುರುಳಿ ತೆಗೆದಳು. ಗೋಡೆಯಿಂದ ಗೋಡೆಗೆ, ಕುರ್ಚಿಯ ಕೆಳಗೆ, ಮೇಜಿನ ಸುತ್ತ ಸೊಟ್ಟಸೊಟ್ಟಗೆ ನೆಲಕ್ಕೆ ಪಟ್ಟಿ ಅಂಟಿಸಿದಳು. ತುಂಬಿದ ಲೋಟ ಅಂಗೈ ಮೇಲಿಟ್ಟುಕೊಂಡು ಗೆರೆ ತಪ್ಪದೆ ನಡೆಯಬೇಕು, ನೀರು ಚೆಲ್ಲಿದವನು ಮೊದಲಿಂದ ಶುರು ಮಾಡಬೇಕು. ನಾಲಿಗೆ ಕಚ್ಚಿಕೊಂಡು ಇಬ್ಬರೂ ನಡೆದರು. ಆಹಾ, ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಬಾಲನ ಲೋಟ ನೆಲಕ್ಕೆ ಬಿತ್ತು, ಬಿರುಗಾಳಿ ಬಿದ್ದು ಬಿದ್ದು ನಕ್ಕ. ಅವಳು ಓಡಿಬಂದು ಇಬ್ಬರ ಬಾಯನ್ನೂ ಒಟ್ಟಿಗೇ ಮುಚ್ಚಿದಳು. ಮನೆ ಗಪ್‌ಚಿಪ್ ಆಯಿತು.

"ಏನದು?" ಎಂದು ಒಳಗಿನಿಂದ ಗಂಡನ ದನಿ ಬಂತು.

ಆಮೇಲೆ ಹತ್ತಿ ಉಂಡೆಯ ಚೆಂಡಾಟ. ಮೇಜಿನ ಎರಡು ತುದಿಗೆ ಎರಡು ಬಟ್ಟಲು ಗೋಲಾಗಿ ಇಟ್ಟು, ಕೈ ಮುಟ್ಟಿಸದೆ ಬಾಯಿಂದ ಊದಿ ಗೋಲು ಹೊಡೆಯಬೇಕು. ಅದು ಬೇಜಾರಾದ ಮೇಲೆ ಬಿಸಿ ಡಾಂಬರಿನ ಆಟ. ನೆಲವೆಲ್ಲ ಆಗತಾನೆ ಸುರಿದ ಡಾಂಬರು, ಕಾಲಿಟ್ಟವನು ಅಂಟಿಕೊಂಡ, ದಿಂಬುಗಳ ಮೇಲೆ ಮಾತ್ರ ಹೆಜ್ಜೆ. ಎಲ್ಲವೂ ಒಳ್ಳೆಯ ಆಟಗಳೇ. ಆದರೆ ಸ್ವಲ್ಪ ಹೊತ್ತಿಗೆ ಕಿರುಚಾಟ ಏಳುವುದು, ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದು ಬಾಯಿ ಮುಚ್ಚಿಸುವುದು, ಮುಚ್ಚಿಸಿದ ಮರುಗಳಿಗೆಗೆ ಒಳಗಿನಿಂದ "ಏನದು?" ಎನ್ನುವುದು. ಸಂಜೆ ಗಂಡ ಎದ್ದು ಬಂದಾಗ ಅವನ ಕಣ್ಣು ಮಾಗಿದ ಟೊಮೆಟೊ ಥರ ಇದ್ದವು.

"ಇವತ್ತು ಉಪ್ಪು ಹಾಕಿದ ಮೇಲೆ ಕೈ ಮೇಲೆ ಪೆನ್ನಲ್ಲಿ ಒಂದು ಗೀಟು ಹಾಕ್ಕೊಳ್ಳಿ," ಎಂದಳು ಅವಳು.

"ಗೀಟು ಹಾಕ್ಕೊಂಡು ಉಪ್ಪು ಮರೆತ್ರೆ?" ಎಂದ ಅವನು. ತಮಾಷೆಗೆ ಹೇಳಿದ್ದಲ್ಲ ಅದು.

ಅದರ ಮಾರನೆಯ ದಿನ ಬೆಳಿಗ್ಗೆ ಬಿರುಗಾಳಿ ಸೋಫಾದ ಮೂಲೆಯಲ್ಲಿ ಕೈಕಟ್ಟಿಕೊಂಡು ಕೂತಿದ್ದ. ತಿಂಡಿ ಕೊಟ್ಟರೆ ತಿಂದ, ತಟ್ಟೆ ಇಟ್ಟು ಬಂದು ಮತ್ತೆ ಅಲ್ಲೇ ಕೂತ. ಬಾಲ ಬಂದು ಅಣ್ಣನ ಕಾಲು ಎಳೆದ, ಕಚಗುಳಿ ಇಟ್ಟ, ಕೊನೆಗೆ ಏನೂ ತೋಚದೆ ಪಕ್ಕದಲ್ಲಿ ತಾನೂ ಕೈಕಟ್ಟಿ ಕೂತ. ಗೆರೆಯವಳಿಗೆ ಮೊದಲು ಹಾಯೆನಿಸಿತು. ಸುಳ್ಳು ಯಾಕೆ ಹೇಳಬೇಕು, ನಿಜವಾಗಿ ಹಾಯೆನಿಸಿತು. ಬಟ್ಟೆ ಮಡಚಿದಳು, ಕಾಫಿ ಕುಡಿದಳು. ಗಡಿಯಾರದ ಟಿಕ್ ಟಿಕ್ ಕೇಳಿಸತೊಡಗಿದಾಗ ಅವಳಿಗೆ ಹೇಗೆ ಹೇಗೋ ಆಯಿತು. ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲ.

"ಏನಾಗಿದೆಯೋ ನಿನಗೆ?"

ಅವನು ಪಿಸುಗುಟ್ಟಿದ. "ನಾನು ಹೀಗೇ ಕೂತಿರ್ತೀನಮ್ಮ. ದಿನಾ ಕೂತಿರ್ತೀನಿ. ಆಗ ಅತ್ತೆ ಮನೆಗೆ ಕಳಿಸಲ್ಲ ಅಲ್ವಾ?"

ಸೋಫಾದ ಹಿಂದೆ ಅವನ ಶಾಲೆಯ ಚೀಲ ಉಬ್ಬಿಕೊಂಡಿತ್ತು. ತೆರೆದರೆ ಒಳಗೆ ಎರಡು ಅಂಗಿ, ಹಲ್ಲುಜ್ಜುವ ಬ್ರಷ್ಷು, ಬಾಲನ ಮುರಿದ ಆಟದ ಕಾರು. ಒಂದು ಪಕ್ಷ ಕಳಿಸಿಯೇಬಿಟ್ಟರೆ ಇರಲಿ ಎಂದು ತಾನೇ ಜೋಡಿಸಿಕೊಂಡಿದ್ದ. ಕಾರನ್ನು ಯಾಕೆ ಇಟ್ಟುಕೊಂಡೆ ಎಂದು ಅವಳು ಕೇಳಲಿಲ್ಲ, ಕೇಳಿದ್ದರೆ ಅಳು ತಡೆಯಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಗಂಡ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಅಷ್ಟೊಂದು ನಿಶ್ಶಬ್ದದಲ್ಲೂ ಅವನಿಗೆ ಒಂದು ಚೂರು ನಿದ್ದೆ ಹತ್ತಿರಲಿಲ್ಲ.

ಆಗ ಬಂತು ಅವಳಿಗೆ ಕೋಪ. ಗಂಡನ ಮೇಲಲ್ಲ, ಮಕ್ಕಳ ಮೇಲಂತೂ ಅಲ್ಲ. ಒಂಬತ್ತು ವರ್ಷದ ಹುಡುಗನನ್ನು ಮುದುಕನ ಹಾಗೆ ಕೂರಿಸಿದ್ದೂ ದಂಡವಾಯಿತಲ್ಲ, ಇನ್ನು ಯಾವ ಸುಖಕ್ಕೆ ಕೂರಬೇಕು ಅವನು? ಚೀಲದಲ್ಲಿದ್ದದ್ದನ್ನೆಲ್ಲ ಸೋಫಾದ ಮೇಲೆ ಸುರಿದಳು. ಪೆಟ್ಟಿಗೆಯಿಂದ ಸುಣ್ಣದ ಪುಡಿಯ ದಾರ, ಎರಡು ರೋಲರ್, ಉಳಿದ ರಸ್ತೆ ಬಣ್ಣದ ಡಬ್ಬಿ, ರಸ್ತೆ ತುದಿಯಲ್ಲಿ ನಿಂತು ಗಾಡಿ ತಡೆಯುವ ಕೆಂಪು ಬಾವುಟ ಮತ್ತು ಹಸಿರು ಬಾವುಟ, ಎಲ್ಲವನ್ನೂ ಬಕೆಟ್ಟಿಗೆ ತುಂಬಿದಳು.

"ಏಳ್ರೋ. ಇಬ್ಬರೂ ಶೂ ಹಾಕ್ಕೊಳ್ಳಿ."

ಕಟ್ಟಡದ ಹಿಂದೆ ಸಿಮೆಂಟಿನ ಅಂಗಳವಿತ್ತು. ಒಂದು ಬದಿಗೆ ಕಾರುಗಳು, ಇನ್ನೊಂದು ಬದಿಗೆ ಯಾರೋ ಎಸೆದ ಸ್ಪ್ರಿಂಗ್ ಕಿತ್ತ ಸೋಫಾ, ನಡುವೆ ಬಿಸಿಲು ಕಾಯುವ ಖಾಲಿ ಜಾಗ. ಗೋಡೆಯ ಮೇಲೆ "ಇಲ್ಲಿ ಆಟವಾಡಬಾರದು" ಎಂಬ ಬೋರ್ಡು. ಬರೆಸಿದವರು ನೆಲ ಅಂತಸ್ತಿನಲ್ಲಿದ್ದ, ಕಟ್ಟಡದ ಸಂಘದ ಸೆಕ್ರೆಟರಿ. ಅವಳು ಬೋರ್ಡನ್ನು ಮುಟ್ಟಲಿಲ್ಲ. ಅದರ ಕೆಳಗೇ ದಾರದ ಒಂದು ತುದಿ ಬಾಲನ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ಬಿಗಿಯಾಗಿ ಎಳೆದು ಚಿಮ್ಮಿದಳು. ನೆಲದ ಮೇಲೆ ಸುಣ್ಣದ ನೇರ ಗೆರೆ ಮೂಡಿತು. ಅದರ ಮೇಲೆ ಬಣ್ಣ. ಓಡುವುದಕ್ಕೆ ಅಕ್ಕಪಕ್ಕ ಮೂರು ದಾರಿ, ತುದಿಯಲ್ಲಿ ತಿರುವು, ಒಂಟಿಕಾಲಿನಲ್ಲಿ ಕುಪ್ಪಳಿಸುವ ಮನೆಗಳು, ದೂರದಿಂದ ಚಪ್ಪಲಿ ಎಸೆದು ಗುರಿ ಮುಟ್ಟಿಸುವ ವೃತ್ತ. ಬಣ್ಣ ಆರುವವರೆಗೆ ಹುಡುಗರಿಗೆ ರೋಲರ್ ಮತ್ತು ಬಕೆಟ್ ನೀರು ಕೊಟ್ಟು, ಹಿಂಗೋಡೆಗೆ ನೀರಿನ ಬಣ್ಣ ಬಳಿಯಿರಿ, ಬಿಸಿಲು ಒಣಗಿಸುವ ಮೊದಲು ಗೋಡೆ ಪೂರ್ತಿ ಒದ್ದೆಯಾಗಬೇಕು ಎಂದಳು. ಬಿಸಿಲಿನ ಮೇಲೆ ಪಂದ್ಯ. ಯಾರೂ ಗೆಲ್ಲುವ ಹಾಗಿಲ್ಲ, ಯಾರೂ ಬಿಡುವ ಹಾಗೂ ಇಲ್ಲ. ಮೇಲಿನ ಕಿಟಕಿಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡವು. ಸ್ವಲ್ಪ ಹೊತ್ತಿಗೆ ಆ ತಲೆಗಳ ಮಕ್ಕಳೂ ಕೆಳಗಿಳಿದುಬಂದವು.

ಬಣ್ಣ ಆರಿದ ಮೇಲೆ ಬಾವುಟದ ಆಟ. ಹಸಿರು ತೋರಿಸಿದರೆ ಓಡಬೇಕು, ಕೆಂಪು ತೋರಿಸಿದರೆ ಇದ್ದಲ್ಲೇ ನಿಲ್ಲಬೇಕು, ಎರಡೂ ಒಟ್ಟಿಗೆ ಎತ್ತಿದರೆ ಹಿಮ್ಮುಖವಾಗಿ ನಡೆಯಬೇಕು.

"ಕೆಂಪು ಬಂದಾಗ ಸುಮ್ನೆ ನಿಂತ್ಕೋಬೇಕಾ?" ಎಂದು ಬಿರುಗಾಳಿ ಕೇಳಿದ. ಆ ಪದ ಹೇಳುವಾಗಲೇ ಅವನ ಮುಖ ಸಣ್ಣದಾಯಿತು.

"ಸುಮ್ನೆ ಯಾಕೆ? ಗಾಡಿ ನಿಂತ್ರೂ ಇಂಜಿನ್ ಓಡ್ತಿರಬೇಕು. ಆಫ್ ಮಾಡಿದೋನು ಔಟ್."

ಅಷ್ಟು ಹೇಳಿದ್ದೇ ತಡ, ಅಂಗಳದ ತುಂಬ ಡುರ್ರ್ ಡುರ್ರ್ ಎಂದು ಎದ್ದ ಸದ್ದು ಮತ್ತೆ ನಿಲ್ಲಲಿಲ್ಲ. ಓಡುವಾಗ ಕೂಗು, ನಿಂತಾಗ ಇಂಜಿನ್ನು. ಗಂಡ ಮಲಗುವ ಕೋಣೆಯ ಕಿಟಕಿ ನೇರ ಮೇಲೆ ಇತ್ತು. ಅವಳು ಒಂದು ಸಲ ಕತ್ತೆತ್ತಿ ನೋಡಿದಳು, ಆಮೇಲೆ ಏನಾದರಾಗಲಿ ಎಂದು ಹಸಿರು ಎತ್ತಿದಳು.

ಸೆಕ್ರೆಟರಿಯವರ ಕಾರು ಒಳಗೆ ಬಂದದ್ದು ಆಗ. ತಮ್ಮ ಜಾಗದ ಕಡೆಗೆ ಜೋರಾಗಿ ತಿರುಗಿಸಿದ್ದರು. ಅವಳು ಯೋಚಿಸಲೂ ಇಲ್ಲ, ವರ್ಷಗಟ್ಟಲೆಯ ಅಭ್ಯಾಸದಲ್ಲಿ ದಾರಿ ನಡುವೆ ಬಂದು ಕೆಂಪು ಬಾವುಟ ಎತ್ತಿ ಹಿಡಿದಳು. ಅವರೂ ಯೋಚಿಸಲಿಲ್ಲ, ವರ್ಷಗಟ್ಟಲೆಯ ಅಭ್ಯಾಸದಲ್ಲಿ ಬ್ರೇಕ್ ಒತ್ತಿದರು. ಮಕ್ಕಳು ಬದಿಗೆ ಸರಿದ ಮೇಲೆ ಅವಳು ಹಸಿರು ತೋರಿಸಿದಳು, ಅವರು ಮರ್ಯಾದೆಯಾಗಿ ಹೋಗಿ ಗಾಡಿ ನಿಲ್ಲಿಸಿದರು. ಕೆಳಗಿಳಿದ ಮೇಲೆಯೇ ಅವರಿಗೆ ಸಿಟ್ಟು ಬರಬೇಕಿತ್ತು ಎಂಬುದು ಹೊಳೆದದ್ದು.

"ಏನಮ್ಮಾ ಇದು? ಬೋರ್ಡ್ ಕಾಣಿಸಲ್ವಾ?"

"ಕಾಣಿಸುತ್ತೆ ಸಾರ್. ಅಕ್ಷರ ಸ್ವಲ್ಪ ಸೊಟ್ಟ ಇದೆ."

"ಭಾನುವಾರದೊಳಗೆ ಇದೆಲ್ಲ ಅಳಿಸಿರಬೇಕು."

"ಇದು ಲಾರಿ ಓಡಾಡಿದ್ರೂ ಅಳಿಸದ ಬಣ್ಣ ಸಾರ್. ನಿಮ್ಮ ಕಾರಿನ ಜಾಗಕ್ಕೂ ಗೆರೆ ಹಾಕಿದೀನಿ ನೋಡಿ, ಅದರಾಚೆ ಒಂದು ಮಗುವೂ ಕಾಲಿಡಲ್ಲ. ಈಚೆ ಕಡೆ ನೀವೂ ಬರ್ಬೇಡಿ."

ಅವರು ಗೆರೆ ನೋಡಿದರು, ಬೋರ್ಡು ನೋಡಿದರು. ತಮ್ಮ ಮೊಮ್ಮಗಳೇ ಗೆರೆಗಳ ನಡುವೆ ನಿಂತು ಡುರ್ರ್ ಎನ್ನುತ್ತಿರುವುದನ್ನು ನೋಡಿ ಗೊಣಗಿಕೊಂಡು ಒಳಗೆ ಹೋದರು.

ಆ ಸಂಜೆ ಗಂಡ ತಡವಾಗಿ ಎದ್ದ. ಮರುದಿನ ಇನ್ನೂ ತಡವಾಗಿ. ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಬಡಿಸಿಕೊಂಡ. ಅವಳು ಏನನ್ನೂ ಕೇಳಲಿಲ್ಲ. ಮನಸ್ಸಿನಲ್ಲಿ ಒಂದು ಆಸೆ ಮೊಳೆತಿತ್ತು, ಕೇಳಿದರೆ ಎಲ್ಲಿ ಹಾಳಾಗುವುದೋ ಎಂಬ ಭಯ.

ಭಾನುವಾರ ಅತ್ತಿಗೆ ಖಾಲಿ ಚೀಲ ಹಿಡಿದು ಬಂದಾಗ ಅಂಗಳದಲ್ಲಿ ಆಟ ರಂಗೇರಿತ್ತು. ಅವರು ಮನೆಗೆ ಹತ್ತಲಿಲ್ಲ, ಸದ್ದು ಹಿಡಿದುಕೊಂಡು ನೇರ ಹಿಂದಕ್ಕೇ ಬಂದರು. ಅವರನ್ನು ಕಂಡದ್ದೇ ಸೆಕ್ರೆಟರಿಯವರಿಗೂ ಧೈರ್ಯ ಬಂದು ಬಾಗಿಲಿಗೆ ಬಂದು ನಿಂತರು.

"ಮೇಲೆ ನನ್ನ ತಮ್ಮ ಮಲಗಿದಾನಾ?"

"ಮಲಗಿದಾರೆ," ಎಂದಳು ಗೆರೆಯವಳು.

"ಅವನ ತಲೆ ಮೇಲೆ ಈ ಸಂತೆ. ನಿನಗೆ ಗಂಡನ ಅನ್ನದ ಮೇಲೆ ಕರುಣೆ ಇಲ್ವಾ?" ಅತ್ತಿಗೆಯ ದನಿಯಲ್ಲಿದ್ದದ್ದು ಕೋಪವಷ್ಟೇ ಆಗಿರಲಿಲ್ಲ. "ನಾನು ಮಡಿಲಲ್ಲಿ ಮಲಗಿಸಿಕೊಂಡು ಬೆಳೆಸಿದ ಹುಡುಗ ಕಣೇ ಅವನು. ಸಾಕು. ದೊಡ್ಡೋನ ಬಟ್ಟೆ ತೊಗೊಂಡು ಬಾ."

"ಇಲ್ಲ ಅತ್ತಿಗೆ."

"ಅವನ ಕೆಲಸ ಹೋಗುತ್ತೆ."

"ಹೋಗ್ಲಿ. ಬೇರೆ ಹುಡುಕ್ತಾರೆ, ಅಲ್ಲೀವರೆಗೆ ನಾನು ಗೆರೆ ಎಳೆದು ಸಾಕ್ತೀನಿ. ಗುರುವಾರ ನನ್ನ ಮಗ ಬೆಳಿಗ್ಗೆಯಿಂದ ಕೈಕಟ್ಟಿ ಕೂತಿದ್ದ, ಉಸಿರು ಬಿಟ್ರೆ ಎಲ್ಲಿ ಕಳಿಸಿಬಿಡ್ತಾರೋ ಅಂತ. ಅದನ್ನ ನೋಡಿದ ಮೇಲೆ ನನಗೆ ಯಾರ ಭಯಾನೂ ಇಲ್ಲ. ನೀವು ದೊಡ್ಡೋರು, ನಿಮ್ಮ ಕಾಲಿಗೆ ಬೇಕಾದ್ರೂ ಬೀಳ್ತೀನಿ. ಮಗನ್ನ ಕೊಡಲ್ಲ. ಕೂರಿಸೋದೂ ಇಲ್ಲ."

ದಾರಿ ತೋಚದಾಗ ಎಲ್ಲರೂ ತಮಗೆ ಬರುವ ಕೆಲಸವನ್ನೇ ಮಾಡುತ್ತಾರೆ. ಅತ್ತಿಗೆ ಅಂಗಳದ ಕಡೆ ತಿರುಗಿ, ವಾರ್ಡಿನ ಬಾಗಿಲಲ್ಲಿ ನಿಂತಂತೆ ಬೆನ್ನು ನೆಟ್ಟಗೆ ಮಾಡಿ, ಒಂದೇ ಒಂದು ಮಾತು ಹೇಳಿದರು.

"ಸದ್ದು."

ಇಡೀ ಅಂಗಳ ತಣ್ಣಗಾಯಿತು. ಇಂಜಿನ್ನುಗಳೆಲ್ಲ ಒಟ್ಟಿಗೆ ನಿಂತವು. ಬಾಲ ಬಾಯಿಗೆ ಎರಡೂ ಕೈ ಅಡ್ಡ ಇಟ್ಟುಕೊಂಡ. ಬಿರುಗಾಳಿ ಬಿಳಿ ಗೆರೆಗಳ ನಡುವೆ ನಿಂತು ಅತ್ತೆಯ ಕೈಯಲ್ಲಿದ್ದ ಖಾಲಿ ಚೀಲವನ್ನೇ ನೋಡುತ್ತಿದ್ದ.

ಧಡ್ ಎಂದು ಮೇಲಿನ ಕಿಟಕಿ ತೆರೆಯಿತು. ಬೇಕರಿಯವನು ಅರ್ಧ ಮೈ ಹೊರಗೆ ಹಾಕಿದ್ದ. ಕೆನ್ನೆಯ ಮೇಲೆ ದಿಂಬಿನ ಗುರುತು, ಕೂದಲು ನೆಟ್ಟಗೆ, ಕಣ್ಣು ಇನ್ನೂ ಅರ್ಧ ಮುಚ್ಚಿಯೇ ಇತ್ತು.

"ಏನಾಯ್ತು? ಯಾಕೆ ನಿಲ್ತು? ಬೆಲ್ಟ್ ಕಿತ್ತೋಯ್ತಾ?"

ಅವನು ಕಣ್ಣುಜ್ಜಿಕೊಂಡು ಕೆಳಗೆ ನೋಡಿದ. "ಓ, ಅಕ್ಕನಾ. ನಾನು ಹಿಟ್ಟಿನ ಮಿಷನ್ ನಿಂತೋಯ್ತು ಅಂದ್ಕೊಂಡೆ. ರಾತ್ರಿ ಅದು ಗಕ್ಕಂತ ನಿಂತ್ರೆ ಅರ್ಥ ಬೆಲ್ಟ್ ಹೋಯ್ತು ಅಂತ. ಎದೆ ಧಸಕ್ ಅನ್ನುತ್ತೆ."

"ನೀನು ಮಲಗಿದ್ಯೇನೋ? ಈ ಗಲಾಟೇಲಿ?"

"ಮಲಗಿದ್ದೆನಲ್ಲ, ಹೆಣದ ಥರ. ಸದ್ದು ನಿಂತಿದ್ದಕ್ಕೇ ಎಚ್ಚರ ಆಗಿದ್ದು." ಹೇಳುತ್ತ ಹೇಳುತ್ತ ಅವನಿಗೇ ಏನೋ ಹೊಳೆದಂತಾಯಿತು. "ಪಕ್ಕದ ಸೈಟಲ್ಲಿ ಆ ಕಾಂಕ್ರೀಟ್ ಗಾಡಿ ಇರೋವರೆಗೂ ಹೀಗೇ ಮಲಗ್ತಿದ್ದೆ. ಅದು ಹೋದಾಗಿಂದಾನೇ ನೋಡು..."

ಅವನು ಮಾತು ಅರ್ಧಕ್ಕೆ ಬಿಟ್ಟು ಮಕ್ಕಳನ್ನು ನೋಡಿದ. ಗೆರೆಯವಳು ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಓಡಿ ಓಡಿ ಬಂದು ಇಬ್ಬರ ಬಾಯಿ ಮುಚ್ಚಿಸಿ, ಪ್ರತಿ ಸಲವೂ ಅವನನ್ನು ಎಬ್ಬಿಸಿದ್ದು ಇದೇ ಕೈಗಳು. ಅವಳಿಗೆ ಅಳುವೂ ಬಂತು, ನಗುವೂ ಬಂತು.

ಅತ್ತಿಗೆ ಚೀಲವನ್ನು ನಾಲ್ಕು ಮಡಿಕೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ನಾನು ಹೇಳಿದ್ದು ಹೇಳಿದ್ದೇ. ಅವನ ಬಾಯಿಂದಾನೇ ಬಂತಲ್ಲ," ಎಂದು ಹೋಗಿ ಸ್ಪ್ರಿಂಗ್ ಕಿತ್ತ ಸೋಫಾದ ಮೇಲೆ ಕೂತರು. ಸೋಫಾ ಕಿರ್ರೆಂದಿತು, ಆದರೂ ಯಾರೂ ನಗಲಿಲ್ಲ. ಸೆಕ್ರೆಟರಿಯವರು ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಿರುಗಾಳಿ ಇನ್ನೂ ಕದಲಿರಲಿಲ್ಲ. ಕಣ್ಣು ಅತ್ತೆಯ ಕಂಕುಳಿನ ಮೇಲೇ ಇತ್ತು.

"ಏನೋ, ಇಂಜಿನ್ ಆಫ್ ಮಾಡಿದೀಯ?" ಎಂದಳು ಗೆರೆಯವಳು. "ಔಟ್ ಆಗ್ತೀಯ ನೋಡು."

ಅವನು ಅಮ್ಮನನ್ನು ನೋಡಿದ, ಅತ್ತೆಯನ್ನು ನೋಡಿದ. ಮೊದಲು ತುಟಿಯಲ್ಲಷ್ಟೇ, ಕೇಳಿಯೂ ಕೇಳಿಸದ ಹಾಗೆ, ಡುರ್ರ್ ಎಂದ.

"ಜೋರಾಗಿ ಕಣೋ," ಎಂದರು ಸೋಫಾದಿಂದ ಅತ್ತೆ. "ನಿಮ್ಮಪ್ಪ ಮಲಗಬೇಕು."

ಗೆರೆಯವಳು ಹಸಿರು ಬಾವುಟ ಎತ್ತಿದಳು.